ಫೋಟೋದಲ್ಲೂ ಚೆಂದ ಕಾಣುವ ಮದುವೆ ಮೇಕಪ್: ಮಲೆನಾಡಿನ ಮದುಮಗಳಿಗೆ ಹಂತ ಹಂತವಾಗಿ

ಮುಖ ಬಿಳುಚಿಕೊಂಡಿದೆ, ಕುತ್ತಿಗೆ ಬೇರೆ ಬಣ್ಣ, ಕೈ ಇನ್ನೊಂದು ಬಣ್ಣ. ಇಂಥ ಮದುವೆ ಆಲ್ಬಮ್ ನೀವೂ ನೋಡಿರುತ್ತೀರಿ, ಅಲ್ವಾ? ಮೇಕಪ್ ಮಾಡಿದವರಿಗೆ ಕೆಲಸ ಬರದೆ ಹೀಗಾಯಿತು ಅನ್ನುವುದು ಹೆಚ್ಚಿನ ಸಲ ಸರಿಯಲ್ಲ. ಬಣ್ಣ ಹಚ್ಚಿದ್ದು ಒಂದು ಬೆಳಕಲ್ಲಿ, ಫೋಟೋ ತೆಗೆದದ್ದು ಇನ್ನೊಂದು ಬೆಳಕಲ್ಲಿ. ಕೋಣೆಯ ಬಲ್ಬಿನ ಕೆಳಗೆ ಸರಿಯಾಗೇ ಕಂಡ ಮುಖ, ಚಪ್ಪರಕ್ಕೆ ಬಂದ ಕೂಡಲೇ ಬೇರೆಯೇ ಆಗಿಬಿಡುತ್ತದೆ. ಅದಕ್ಕೇ ನಾನು ಎಲ್ಲಾ ಮದುಮಕ್ಕಳಿಗೂ ಒಂದೇ ಮಾತು ಹೇಳುವುದು: ಮೊದಲು ಬೆಳಕು ನೋಡಿ, ಆಮೇಲೆ ಡಬ್ಬಿ ತೆಗೆಯಿರಿ.

ಇದನ್ನು ಮದುಮಗಳಿಗೂ ಬರೆದಿದ್ದೇನೆ, ಅವಳಿಗೆ ಮನೆಯಲ್ಲೇ ಮೇಕಪ್ ಮಾಡುವ ಅಕ್ಕ, ಅತ್ತಿಗೆಗೂ ಬರೆದಿದ್ದೇನೆ. ಬ್ಯೂಟಿಷಿಯನ್ ಕರೆಸುವವರೂ ಓದಿಕೊಳ್ಳಿ. ಏನು ಕೇಳಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಧಾರೆ ಎಲ್ಲಿ, ಎಷ್ಟು ಹೊತ್ತಿಗೆ?

ಮೊದಲ ಹಂತಕ್ಕೆ ಬ್ರಶ್ಶೇ ಬೇಡ. ಮಂಟಪ ಎಲ್ಲಿ ಬರುತ್ತದೆ ಅಂತ ಕೇಳಿಕೊಳ್ಳಿ. ಅದೇ ಜಾಗದಲ್ಲಿ, ಮುಹೂರ್ತದ ಹೊತ್ತಿಗೇ, ಎರಡು ದಿನ ಮುಂಚೆ ನಿಂತು ಮೊಬೈಲಲ್ಲಿ ಒಂದು ಫೋಟೋ ತೆಗೆಸಿಕೊಳ್ಳಿ. ಹಿಂದಿನ ಕ್ಯಾಮೆರಾ ಬಳಸಿ, ಬ್ಯೂಟಿ ಮೋಡ್ ಆಫ್ ಮಾಡಿ. ಬ್ಯೂಟಿ ಮೋಡ್ ಇದ್ದರೆ ಫೋನೇ ಮುಖ ತಿದ್ದಿಬಿಡುತ್ತದೆ, ನಿಮಗೆ ನಿಜ ಗೊತ್ತಾಗುವುದಿಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇವತ್ತಿಗೂ ಮನೆ ಅಂಗಳದಲ್ಲೇ ಚಪ್ಪರ ಹಾಕಿ ಮದುವೆ ಮಾಡುವವರಿದ್ದಾರೆ. ಅಡಿಕೆ ಸೋಗೆಯ ಚಪ್ಪರವಾದರೆ ಬೆಳಕು ತಂಪಾಗಿ, ಮೆತ್ತಗೆ ಬರುತ್ತದೆ. ಸೋಗೆ ಹಸಿಯಾಗಿದ್ದರೆ ಸ್ವಲ್ಪ ಹಸಿರು ಛಾಯೆ ಇರುತ್ತದೆ, ಅಷ್ಟೇ. ತೊಂದರೆ ಬರುವುದು ಟಾರ್ಪಾಲಿನಿಂದ. ವೈಶಾಖದಲ್ಲಿ ಸಂಜೆ ಮಳೆ ಬಂದೀತು ಅಂತ ಮೇಲೆ ನೀಲಿ ಟಾರ್ಪಾಲ್ ಎಳೆಯುತ್ತಾರೆ. ಬಿಸಿಲು ಅದರೊಳಗಿಂದ ಇಳಿದು, ಕೆಳಗೆ ಕೂತವರ ಮುಖವೆಲ್ಲ ನೀಲಿ. ಆ ಬೆಳಕಲ್ಲಿ ಗೋಧಿ ಬಣ್ಣದ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ, ಕೆಂಪು ಲಿಪ್‌ಸ್ಟಿಕ್ ಕಪ್ಪಗಾಗುತ್ತದೆ. ಪಕ್ಕದಿಂದ ಬರುವ ಬೆಳಕು ಬಿಳಿ, ಮೇಲಿನದು ನೀಲಿ. ಹೀಗೆ ಎರಡು ಬೆಳಕು ಬೆರೆತರೆ ಫೋಟೋಗ್ರಾಫರ್ ಆಮೇಲೆ ಕಂಪ್ಯೂಟರಲ್ಲಿ ಕೂತು ತಿದ್ದುವುದೂ ಕಷ್ಟ. ಇದಕ್ಕೆ ಮೇಕಪ್‌ನಲ್ಲಿ ಪರಿಹಾರ ಇಲ್ಲ. ಶಾಮಿಯಾನದವರಿಗೆ ಹೇಳಿ, ಮಂಟಪದ ಮೇಲಷ್ಟೇ ಟಾರ್ಪಾಲಿನ ಕೆಳಗೆ ದಪ್ಪ ಬಿಳಿ ಬಟ್ಟೆ ಕಟ್ಟಿಸಿ. ಖರ್ಚು ಕಡಿಮೆ, ಫೋಟೋದಲ್ಲಿ ಆಗುವ ವ್ಯತ್ಯಾಸ ತುಂಬಾ ದೊಡ್ಡದು. ಕೆಂಪು, ಹಳದಿ ಪಟ್ಟೆಯ ಶಾಮಿಯಾನಕ್ಕೂ ಇದೇ ಮದ್ದು.

ಶಿವಮೊಗ್ಗದ ಕಲ್ಯಾಣ ಮಂಟಪಗಳಲ್ಲಿ ಬೇರೆ ಕತೆ. ಅಲ್ಲಿ ಟ್ಯೂಬ್‌ಲೈಟ್ ಇರುತ್ತದೆ, ಅಲಂಕಾರದ ಹಳದಿ ಫೋಕಸ್ ಇರುತ್ತದೆ, ವಿಡಿಯೋದವರ ಎಲ್‌ಇಡಿ ಇರುತ್ತದೆ, ಮೇಲಿಂದ ಫ್ಲ್ಯಾಶ್. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಅಳೆಯುತ್ತಾರೆ. ಹಳದಿ ಬಲ್ಬು ಸುಮಾರು 3000, ನಡುಹಗಲಿನ ಬೆಳಕು ಸುಮಾರು 5500, ಬಿಳಿ ಟ್ಯೂಬ್ 6500ರ ಹತ್ತಿರ. ಸಂಖ್ಯೆ ಕಡಿಮೆ ಇದ್ದಷ್ಟೂ ಹಳದಿ, ಜಾಸ್ತಿ ಆದಷ್ಟೂ ನೀಲಿ. ಹಳದಿ ಬೆಳಕಲ್ಲಿ ಕೆನ್ನೆಗೆ ಹಚ್ಚುವ ಪೀಚ್ ಬಣ್ಣದ ಬ್ಲಶ್ ಕಾಣುವುದೇ ಇಲ್ಲ, ಹಾಗಾಗಿ ಗುಲಾಬಿ ಬಣ್ಣದ್ದು ಹಚ್ಚಿ. ಬಿಳಿ ಟ್ಯೂಬಿನಲ್ಲಿ ಮುಖ ಕಳೆಗುಂದುತ್ತದೆ, ಅಲ್ಲಿ ಪೀಚ್ ಒಳ್ಳೆಯದು.

ಮೇಕಪ್‌ಗೆ ಎಲ್ಲಿ ಕೂರಬೇಕು

ಹಳೇ ಹೆಂಚಿನ ಮನೆಗಳ ಒಳಕೋಣೆ ಹಗಲಲ್ಲೂ ಕತ್ತಲು. ಮದುಮಗಳನ್ನು ಅಲ್ಲೇ ಕೂರಿಸಿ, ಬಾಗಿಲು ಹಾಕಿ, ಒಂದು ಬಲ್ಬಿನ ಕೆಳಗೆ ಅಲಂಕಾರ ಮಾಡುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬೇಡ. ಕತ್ತಲಲ್ಲಿ ಕೈ ತಾನಾಗಿ ಜಾಸ್ತಿ ಹಚ್ಚುತ್ತದೆ. ಜಗಲಿಯಲ್ಲಿ ಅಂಗಳದ ಕಡೆ ಮುಖ ಮಾಡಿ ಕೂರಿಸಿ. ಮುಖಕ್ಕೆ ನೇರ ಬಿಸಿಲು ಬೀಳಬಾರದು. ಜನ ಓಡಾಡುತ್ತಾರೆ ಅನ್ನುವುದಾದರೆ ಒಂದು ಸೀರೆ ಮರೆ ಕಟ್ಟಿಕೊಳ್ಳಿ, ಬಿಳಿ ಅಥವಾ ಕೆನೆ ಬಣ್ಣದ್ದು. ಗಾಜಿನ ಹೆಂಚಿರುವ ನಡುಮನೆಯೂ ಆದೀತು. ಆದರೆ ಬೆಳಕು ನೆತ್ತಿ ಮೇಲಿಂದ ಬಿದ್ದರೆ ಕಣ್ಣಿನ ಕೆಳಗೆ ನೆರಳಾಗುತ್ತದೆ, ಅದನ್ನು ಕಪ್ಪು ವರ್ತುಲ ಅಂದುಕೊಂಡು, ಕಲೆ ಮುಚ್ಚುವ ಕನ್ಸೀಲರ್ ಸುರಿಯಬೇಡಿ.

ಬೆಳಗಿನ ಜಾವದ ಮುಹೂರ್ತವಾದರೆ ಹೊರಗಿನ ಬೆಳಕು ಸಿಗುವುದಿಲ್ಲ. ಆಗ ಕನ್ನಡಿಯ ಎರಡೂ ಪಕ್ಕ 5000ದಿಂದ 5500 ಕೆಲ್ವಿನ್‌ನ ಬಿಳಿ ಲೈಟ್ ಇಟ್ಟುಕೊಳ್ಳಿ. ಕರೆಂಟಿನ ಮೇಲೆ ನಂಬಿಕೆ ಇಡುವ ಹಾಗಿಲ್ಲ. ಮಳೆ, ಗಾಳಿಗೆ ಒಂದು ಕೊಂಬೆ ಬಿದ್ದರೂ ಹೋಯಿತು. ಬ್ಯಾಟರಿ ಲೈಟನ್ನು ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಡಿ.

ಒಂದು ತಿಂಗಳು ಮುಂಚೆ

ಚರ್ಮದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೊನೆಯ ಎರಡು ವಾರ ಯಾವ ಹೊಸ ಕ್ರೀಮನ್ನೂ ಮುಟ್ಟಬೇಡಿ. ಫೇಶಿಯಲ್ ಮಾಡಿಸುವುದಿದ್ದರೆ ಮದುವೆಗೆ ಒಂದು ವಾರ ಮುಂಚೆಯೇ ಮುಗಿಸಿ. ಹುಬ್ಬು ತೀಡಿಸುವುದು ಎರಡು ಮೂರು ದಿನ ಮುಂಚೆ, ಹಿಂದಿನ ದಿನ ಬೇಡ. ಬೇಗ ಬೆಳ್ಳಗಾಗಬೇಕು ಅಂತ ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಇರುವ ಕ್ರೀಮ್ ತಂದು ಹಚ್ಚುವವರಿದ್ದಾರೆ. ಟ್ಯೂಬ್ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಹೆಸರಿದ್ದರೆ ಡಾಕ್ಟರ್ ಹೇಳದೆ ಮುಖಕ್ಕೆ ಹಚ್ಚಲೇಬೇಡಿ. ಚರ್ಮ ತೆಳುವಾಗುತ್ತದೆ, ನಿಲ್ಲಿಸಿದ ಕೂಡಲೇ ಮುಖ ಕೆಂಪಾಗಿ ಗುಳ್ಳೆ ಏಳುತ್ತದೆ. ಹೊರಗೆ ಸಿಗುವ ಕಪ್ಪು ಮೆಹಂದಿಯೂ ಅಷ್ಟೇ ಅಪಾಯ. ಅದರಲ್ಲಿ ಕೂದಲಿಗೆ ಹಚ್ಚುವ ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಸೇರಿಸಿರುತ್ತಾರೆ, ಕೈ ಮೇಲೆ ಬೊಬ್ಬೆ ಬರಬಹುದು. ಮದರಂಗಿ ಸೊಪ್ಪನ್ನೇ ಅರೆದು ಹಚ್ಚಿಕೊಳ್ಳಿ, ಇಲ್ಲವೇ ನಂಬಿಕೆಯವರಿಂದ ತನ್ನಿ.

ಟ್ರಯಲ್: ಬಣ್ಣ ಹೊಂದಿಸುವುದು

ಮದುವೆಗೆ ಮುಂಚೆ ಒಂದು ದಿನ ಇದೇ ಮೇಕಪ್ ಮಾಡಿ ನೋಡುವುದೇ ಟ್ರಯಲ್. ಮುಖದ ಬಣ್ಣ ಸಮ ಮಾಡಲು ಹಚ್ಚುವ ಫೌಂಡೇಶನ್ ಬಣ್ಣವನ್ನು ಮುಂಗೈ ಮೇಲೆ ನೋಡಿ ಆರಿಸಬೇಡಿ. ದವಡೆಯ ಅಂಚಿನಿಂದ ಕುತ್ತಿಗೆಗೆ ಇಳಿಯುವ ಹಾಗೆ ಮೂರು ಬಣ್ಣದ ಮೂರು ಗೆರೆ ಎಳೆಯಿರಿ. ಹದಿನೈದು ನಿಮಿಷ ಬಿಡಿ. ಗಾಳಿ ತಾಗಿ, ಚರ್ಮದ ಎಣ್ಣೆ ಸೇರಿ, ಕೆಲವು ಫೌಂಡೇಶನ್ ಒಂದು ಛಾಯೆ ಕಪ್ಪಾಗುತ್ತವೆ. ಆಮೇಲೆ ಅಂಗಳಕ್ಕೆ ಬಂದು ನೋಡಿ. ಯಾವ ಗೆರೆ ಕಾಣದೆ ಮಾಯವಾಗಿದೆಯೋ ಅದೇ ನಿಮ್ಮದು. ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ದುರ್ಗಿಗುಡಿಯಲ್ಲೋ ಅಂಗಡಿಯೊಳಗೆ ನೋಡಿ ತಂದದ್ದು ಮನೆಗೆ ಬಂದಾಗ ಬೇರೆ ಕಾಣುವುದು ಅಂಗಡಿ ಲೈಟಿನಿಂದ. ಸ್ಯಾಂಪಲ್ ಹಚ್ಚಿಸಿಕೊಂಡು ರಸ್ತೆಗೆ ಬಂದು ನೋಡುವುದಕ್ಕೆ ಸಂಕೋಚ ಬೇಡ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಒಂದು ಶೇಡ್ ಬೆಳ್ಳಗೆ ಮಾಡಿ" ಅಂತ ಮನೆಯ ಹಿರಿಯರು ಹೇಳೇ ಹೇಳುತ್ತಾರೆ. ಒಪ್ಪಬೇಡಿ. ನಮ್ಮ ಮದುವೆಯಲ್ಲಿ ಅತ್ಯಂತ ಮುಖ್ಯವಾದ ಫೋಟೋ ಯಾವುದು? ಧಾರೆ ಎರೆಯುವಾಗಿನದು. ಅದರಲ್ಲಿ ಮುಖಕ್ಕಿಂತ ಮುಂದೆ ಇರುವುದು ಕೈ. ಹುಡುಗನ ಕೈ ಮೇಲೆ ಹುಡುಗಿಯ ಕೈ, ಅದರ ಮೇಲೆ ತೆಂಗಿನಕಾಯಿ, ಮೇಲಿಂದ ಅಪ್ಪ ಅಮ್ಮ ಎರೆಯುವ ನೀರು. ಮುಖ ಬೆಳ್ಳಗೆ ಮಾಡಿ ಕೈ ಹಾಗೇ ಬಿಟ್ಟರೆ, ಕೈ ಬೇರೆಯವರದ್ದೇನೋ ಅನ್ನಿಸುತ್ತದೆ. ಕೈಗೂ ಫೌಂಡೇಶನ್ ಹಚ್ಚೋಣ ಅಂದರೆ ಧಾರೆ ನೀರಿಗೆ ಗೆರೆಗೆರೆಯಾಗಿ ಇಳಿದು ರೇಷ್ಮೆ ಸೀರೆಯ ಅಂಚಿಗೆ ಬೀಳುತ್ತದೆ. ಹಾಗಾಗಿ ಕೈಗೆ ಮಾಯಿಶ್ಚರೈಸರ್ ಮಾತ್ರ, ಮುಖದ ಬಣ್ಣವನ್ನು ಕೈಗೆ, ಕುತ್ತಿಗೆಗೆ ಹೊಂದಿಸಿ. ನಿಮ್ಮ ಬಣ್ಣ ಯಾವುದೇ ಇರಲಿ, ಒಂದೇ ಸಮನಾಗಿದ್ದರೆ ಫೋಟೋದಲ್ಲಿ ಅದು ತುಂಬಾ ಚೆಂದ.

ಟ್ರಯಲ್ ದಿನ ಕತ್ತಲ ಕೋಣೆಯಲ್ಲಿ, ಐದಾರು ಅಡಿ ದೂರದಿಂದ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯಿರಿ. ಕಣ್ಣಿನ ಕೆಳಗೆ, ಮೂಗಿನ ಪಕ್ಕ ಸುಣ್ಣ ಬಳಿದ ಹಾಗೆ ಬಿಳಿ ಕಂಡರೆ ಕಾರಣ ಎರಡು. ಒಂದು, ಸಿಲಿಕಾ ತುಂಬಿರುವ ಬಿಳಿ ಪೌಡರ್ ದಪ್ಪ ಹಚ್ಚಿರುವುದು. ಇನ್ನೊಂದು, ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್. ಇವು ಫ್ಲ್ಯಾಶ್ ಬೆಳಕನ್ನು ನೇರ ಕ್ಯಾಮೆರಾಗೆ ವಾಪಸ್ ಕಳಿಸುತ್ತವೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಅದೇ ಮೋಸ. ಹಗಲು ಹೊತ್ತು, ತೆರೆದ ಜಾಗ, ಫ್ಲ್ಯಾಶ್ ಇಲ್ಲ ಅಂದರೆ ಸನ್‌ಸ್ಕ್ರೀನ್ ಧಾರಾಳವಾಗಿ ಹಚ್ಚಿ. ರಾತ್ರಿ ಆರತಕ್ಷತೆಗೆ ಬೇಡ.

ಅರಿಶಿನ ಶಾಸ್ತ್ರದ ಮಾರನೇ ದಿನ

ಟ್ರಯಲ್‌ನಲ್ಲಿ ಸರಿಯಾಗಿದ್ದ ಫೌಂಡೇಶನ್ ಮದುವೆ ದಿನ ಹೊಂದದಿರುವುದಕ್ಕೆ ದೊಡ್ಡ ಕಾರಣ ಅರಿಶಿನ. ಹಿಂದಿನ ದಿನ ಕೆನ್ನೆ, ಹಣೆಗೆ ಎಲ್ಲರೂ ಹಚ್ಚಿರುತ್ತಾರೆ, ಹಚ್ಚಲೇಬೇಕು ಕೂಡ. ಅರಿಶಿನದ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಸೋಪು ಹಾಕಿ ಗಸಗಸ ಉಜ್ಜಿದರೆ ಮುಖ ಕೆಂಪಾಗುತ್ತದೆಯೇ ಹೊರತು ಹಳದಿ ಹೋಗುವುದಿಲ್ಲ. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಮೆತ್ತಗೆ ಒರೆಸಿ, ಹತ್ತಿಗೆ ಹಳದಿ ಬರುವುದು ಕಡಿಮೆಯಾಗುವ ತನಕ. ಆಮೇಲೆ ಕಡಲೆಹಿಟ್ಟು ಅಥವಾ ಫೇಸ್‌ವಾಶ್ ಹಾಕಿ ತೊಳೆಯಿರಿ. ಇನ್ನೂ ಉಳಿದರೆ ಹಳದಿ ಇರುವ ಕಡೆ ಮಾತ್ರ, ಫೌಂಡೇಶನ್‌ಗೆ ಮೊದಲು, ತಿಳಿ ನೇರಳೆ ಬಣ್ಣದ ಕರೆಕ್ಟರನ್ನು ತೆಳ್ಳಗೆ ತಟ್ಟಿ. ನೇರಳೆ ಹಳದಿಯನ್ನು ತಗ್ಗಿಸುತ್ತದೆ.

ಎಣ್ಣೆ ಶಾಸ್ತ್ರ ಇರುವವರು ಮಂಗಳಸ್ನಾನದಲ್ಲಿ ಸೀಗೆಕಾಯಿಯೋ ಶಾಂಪೂವೋ ಹಾಕಿ ತಲೆ ಚೆನ್ನಾಗಿ ತೊಳೆಯಿರಿ. ಹಣೆಯ ಅಂಚಿನ ಕೂದಲಲ್ಲಿ ಎಣ್ಣೆ ಉಳಿದರೆ, ಎರಡು ಗಂಟೆಯಲ್ಲಿ ಫೌಂಡೇಶನ್ ಅಲ್ಲಿಂದಲೇ ಕರಗಲು ಶುರು.

ಮದುವೆ ಬೆಳಗ್ಗೆ

ಮುಹೂರ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ. ಮುಖಕ್ಕೆ ಒಂದೂವರೆ ಗಂಟೆ, ಜಡೆಗೆ ಒಂದು ಗಂಟೆ, ಸೀರೆ ಒಡವೆಗೆ ಒಂದು ಗಂಟೆ, ಗೌರಿಪೂಜೆಗೆ ಬೇರೆ ಸಮಯ. ಮೊಗ್ಗಿನ ಜಡೆ ಇದ್ದರೆ ಇನ್ನೂ ಅರ್ಧ ಗಂಟೆ ಸೇರಿಸಿ. ತಿನ್ನುವ ಪದ್ಧತಿ ಇದ್ದರೆ ಮೇಕಪ್‌ಗೆ ಮೊದಲೇ ತಿಂಡಿ ತಿನ್ನಿಸಿ. ಎಣ್ಣೆ ತಾಗಿದರೆ ಎಂಥ ಗಟ್ಟಿ ಲಿಪ್‌ಸ್ಟಿಕ್ಕೂ ಬಿಡುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಎಲ್ಲಕ್ಕಿಂತ ಮೊದಲು ಅದನ್ನು ಹಾಕಿಕೊಳ್ಳಿ. ಮದುವೆ ದಿನವೇ ಮೊದಲ ಸಲ ಹಾಕುವುದು ಮಾತ್ರ ಬೇಡ, ಹೋಮದ ಹೊಗೆಗೆ ಕಷ್ಟವಾಗುತ್ತದೆ. ಕನ್ನಡಕದಲ್ಲೇ ಕೂರುವುದಾದರೆ ಪ್ರತಿಫಲನ ತಡೆಯುವ ಕೋಟಿಂಗ್ ಇರುವ ಗಾಜು ಹಾಕಿಸಿ.

ಮೊದಲು ಮಾಯಿಶ್ಚರೈಸರ್. ಮಾಘದ ಚಳಿಯಲ್ಲಿ ಕೆನ್ನೆ ಒಡೆದಿರುತ್ತದೆ, ಆಗ ದಪ್ಪ ಕ್ರೀಮ್ ಬೇಕು. ಏಪ್ರಿಲ್, ಮೇ ತಿಂಗಳ ಬೆವರಿಗೆ ತೆಳುವಾದ ಜೆಲ್ ಸಾಕು. ಹಚ್ಚಿ ಹತ್ತು ನಿಮಿಷ ಸುಮ್ನೆ ಬಿಡಿ, ಆ ಹೊತ್ತಲ್ಲಿ ಜಡೆ ಶುರು ಮಾಡಬಹುದು. ಆಮೇಲೆ ಫೌಂಡೇಶನ್ ಚೆನ್ನಾಗಿ ಕೂರಲು ಅದಕ್ಕೆ ಮೊದಲು ಹಚ್ಚುವ ಪ್ರೈಮರ್, ಹಣೆ, ಮೂಗು, ಗಲ್ಲಕ್ಕೆ ಮಾತ್ರ. ಪ್ರೈಮರ್ ಸಿಲಿಕೋನಿನದ್ದು, ಫೌಂಡೇಶನ್ ನೀರಿನದ್ದು ಆದರೆ ಎರಡೂ ಕೂಡದೆ ಮುಖದ ಮೇಲೆ ರವೆರವೆಯಾಗಿ ಏಳಬಹುದು. ಇದೂ ಟ್ರಯಲ್‌ನಲ್ಲೇ ಗೊತ್ತಾಗಬೇಕು.

ಕಣ್ಣಿನ ಕೆಳಗಿನ ಕಪ್ಪಿಗೆ ಮೊದಲು ಕಿತ್ತಳೆ ಅಥವಾ ಪೀಚ್ ಕರೆಕ್ಟರ್, ಅದರ ಮೇಲೆ ಚರ್ಮದ ಬಣ್ಣದ್ದೇ ಕನ್ಸೀಲರ್. ಕಪ್ಪಿನ ಮೇಲೆ ನೇರವಾಗಿ ತಿಳಿ ಕನ್ಸೀಲರ್ ಹಚ್ಚಿದರೆ ಬೂದಿ ಬಣ್ಣ ಬರುತ್ತದೆ.

ಫೌಂಡೇಶನ್ ಎರಡು ಬಟಾಣಿ ಕಾಳಿನಷ್ಟು ತಗೊಂಡು ಶುರು ಮಾಡಿ. ಸ್ಪಂಜನ್ನು ನೆನೆಸಿ ಚೆನ್ನಾಗಿ ಹಿಂಡಿ, ಎಳೆಯದೆ ಒತ್ತಿ ಒತ್ತಿ ಹಚ್ಚಿ. ಮುಖದ ನಡುವಿನಿಂದ ಹೊರಕ್ಕೆ ತೆಳುವಾಗುತ್ತಾ ಹೋಗಲಿ. ಸಾಲದಿದ್ದರೆ ಬೇಕಾದ ಕಡೆ ಇನ್ನೊಂದು ತೆಳು ಪದರ. ಕಿವಿಯನ್ನು ಮರೆಯಬೇಡಿ. ಜಡೆ ಬಿಗಿದು ಕಟ್ಟಿದಾಗ ಕಿವಿ ಪೂರ್ತಿ ಕಾಣುತ್ತದೆ, ಪಕ್ಕದಿಂದ ತೆಗೆದ ಫೋಟೋದಲ್ಲಿ ಕೆನ್ನೆ ಒಂದು ಬಣ್ಣ, ಕಿವಿ ಒಂದು ಬಣ್ಣ ಆಗಬಾರದು. ಮೂಗುತಿಯ ಸುತ್ತ ಫೌಂಡೇಶನ್ ಕೂತು ಬಿಳಿ ಉಂಗುರವಾಗುತ್ತದೆ, ಹತ್ತಿ ಕಡ್ಡಿಯಿಂದ ತೆಗೆಯಿರಿ.

ಪೌಡರ್ ಹಾಕುವ ಮೊದಲು ಎರಡು ನಿಮಿಷ ಫ್ಯಾನ್ ಗಾಳಿಗೆ ಮುಖ ಆರಿಸಿ. ಬೆವರು ಇದ್ದರೆ ಟಿಶ್ಯೂ ಒತ್ತಿ ತೆಗೆಯಿರಿ. ಬೆವರಿನ ಮೇಲೆ ಪೌಡರ್ ಹಾಕಿದರೆ ಕಲೆ ಕಲೆಯಾಗಿ ಗಟ್ಟಿಯಾಗುತ್ತದೆ. ಚರ್ಮದ ಬಣ್ಣದ ಪೌಡರ್ ಆರಿಸಿ, ಬಿಳಿಯದ್ದು ಬೇಡ. ಹಣೆ, ಮೂಗು, ಮೇಲ್ತುಟಿಯ ಮೇಲೆ ಒತ್ತಿ, ಕೆನ್ನೆಗೆ ಬ್ರಶ್ ಆಡಿಸಿದರೆ ಸಾಕು. ಮುಖವೆಲ್ಲ ಒಣಕಲಾದರೆ ಜೀವಕಳೆ ಹೋಗುತ್ತದೆ.

ಬ್ಲಶ್ ಮತ್ತು ಲಿಪ್‌ಸ್ಟಿಕ್ ಕನ್ನಡಿಯಲ್ಲಿ ನೋಡಿದಾಗ "ಸ್ವಲ್ಪ ಜಾಸ್ತಿ ಆಯ್ತೇನೋ" ಅನ್ನಿಸುವಷ್ಟು ಇರಲಿ, ಯಾಕೆಂದರೆ ಫ್ಲ್ಯಾಶ್ ಅರ್ಧ ಬಣ್ಣವನ್ನು ತಿಂದುಹಾಕುತ್ತದೆ. ಹೊಳೆಯುವ ಹೈಲೈಟರ್ ವಿಷಯದಲ್ಲಿ ಇದರ ವಿರುದ್ಧ. ದಪ್ಪ ಮಿಂಚು ಇದ್ದರೆ ಕ್ಯಾಮೆರಾಗೆ ಅದು ಬೆವರಿನ ಹಾಗೇ ಕಾಣುತ್ತದೆ. ಚಿನ್ನದ ಒಡವೆ, ಜರಿ ಈಗಾಗಲೇ ಗಲ್ಲದ ಮೇಲೆ ಹೊಳಪು ಚೆಲ್ಲುತ್ತಿರುತ್ತವೆ, ಅಷ್ಟು ಸಾಕು.

ಕಣ್ಣಿಗೆ ಸಮಯ ಕೊಡಿ. ಶಾಸ್ತ್ರದ ಹೊತ್ತಿನಲ್ಲಿ ಮದುಮಗಳು ಹೆಚ್ಚಾಗಿ ತಲೆ ಬಗ್ಗಿಸಿರುತ್ತಾಳೆ. ಕ್ಯಾಮೆರಾಗೆ ಸಿಗುವುದು ಕಣ್ಣಲ್ಲ, ಮುಚ್ಚಿದ ರೆಪ್ಪೆ. ಹಾಗಾಗಿ ರೆಪ್ಪೆಯ ಬಣ್ಣ ಎಲ್ಲೂ ಗೆರೆ ಕಾಣದೆ ಬೆರೆತಿರಬೇಕು. ರೆಪ್ಪೆಯ ಮಡಿಕೆಗೆ ಕಂದು, ನಡುವೆ ಸಣ್ಣ ಹೊಳಪಿನ ಚಿನ್ನದ ಬಣ್ಣ, ಮೇಲಿನ ರೆಪ್ಪೆಗೂದಲಿನ ಬುಡಕ್ಕೆ ಒತ್ತಿ ಎಳೆದ ಲೈನರ್. ಇದು ಎಲ್ಲಾ ಬಣ್ಣದ ಧಾರೆ ಸೀರೆಗೂ ಹೊಂದುತ್ತದೆ. ಕೆಳಗಿನ ರೆಪ್ಪೆಗೆ ಕಾಡಿಗೆ ಕಡಿಮೆ ಇರಲಿ, ಹೋಮದ ಹೊಗೆಗೆ ಮೊದಲು ಇಳಿಯುವುದು ಅದೇ. ಕೃತಕ ರೆಪ್ಪೆ ಅಂಟಿಸುವಾಗ ಗೋಂದು ಹಚ್ಚಿ ಅರ್ಧ ನಿಮಿಷ ಕಾಯಿರಿ, ಜಿಗುಟಾದ ಮೇಲೆ ಕೂರಿಸಿ.

ಬಿಂದಿ ಅಂಟಿಸುವ ಜಾಗದ ಪೌಡರನ್ನು ಹತ್ತಿ ಕಡ್ಡಿಯಿಂದ ಒರೆಸಿ. ಇಲ್ಲವಾದರೆ ಬಾಸಿಂಗ ಕಟ್ಟುವಾಗಲೇ ಬಿದ್ದುಹೋಗುತ್ತದೆ. ಬಾಸಿಂಗದ ದಾರ ಹಾಯುವ ಹಣೆಯ ಎರಡೂ ಪಕ್ಕದಲ್ಲಿ ಫೌಂಡೇಶನ್ ತೆಳುವಾಗಿರಲಿ, ದಪ್ಪ ಇದ್ದರೆ ದಾರದ ಗುರುತು ಬೀಳುತ್ತದೆ. ಕೊನೆಗೆ ಮೇಕಪ್ ಕದಲದ ಹಾಗೆ ಹಿಡಿದಿಡುವ ಸೆಟ್ಟಿಂಗ್ ಸ್ಪ್ರೇ, ಒಂದು ಕೈ ದೂರದಿಂದ.

ಹುಡುಗನಿಗೂ ಐದು ನಿಮಿಷ ಕೊಡಿ. ಹಣೆ, ಮೂಗಿನ ಜಿಡ್ಡು ಒರೆಸಿ, ಚರ್ಮದ ಬಣ್ಣದ ಪೌಡರ್ ತೆಳ್ಳಗೆ, ತುಟಿಗೆ ಲಿಪ್ ಬಾಮ್.

ಮಂಟಪಕ್ಕೆ ಬಂದ ಮೇಲೆ

ಮದುಮಗಳ ಪಕ್ಕದಿಂದ ಕದಲದವಳು ಕಳಸಗಿತ್ತಿ. ಟಚಪ್ ಚೀಲ ಅವಳ ಕೈಯಲ್ಲೇ ಇರಲಿ. ಟಿಶ್ಯೂ, ಪಫ್, ಲಿಪ್‌ಸ್ಟಿಕ್, ಹತ್ತಿ ಕಡ್ಡಿ, ಒಣ ಬ್ರಶ್, ಬಿಂದಿ, ಪಿನ್ನು, ಇಷ್ಟೇ. ಅವಳು ಚಿಕ್ಕ ಹುಡುಗಿಯಾದರೆ ಹಿಂದೆ ನಿಲ್ಲುವ ಅತ್ತಿಗೆಗೆ ಕೊಡಿ. ಮೂರು ವಿಷಯ ಮೊದಲೇ ಹೇಳಿಕೊಡಿ.

ಅರಿಶಿನ ಕುಂಕುಮ ಹಚ್ಚುವಾಗ ಕುಂಕುಮದ ಪುಡಿ ಮೂಗಿನ ಮೇಲೆ, ಕೆನ್ನೆ ಮೇಲೆ ಉದುರುತ್ತದೆ. ಬೆರಳಿನಿಂದ ಒರೆಸಿದರೆ ಕೆಂಪು ಗೆರೆ ಉಳಿಯಿತು ಅಂತಲೇ. ಒಣ ಬ್ರಶ್‌ನಿಂದ ಮೇಲಿಂದ ಕೆಳಗೆ ಹಗುರಾಗಿ ಕೊಡವಿದರೆ ಗುರುತೇ ಇರುವುದಿಲ್ಲ. ಅಕ್ಷತೆಯ ಅರಿಶಿನಕ್ಕೂ ಹೀಗೇ ಮಾಡಿ.

ಕಣ್ಣೀರು ಬಂದರೆ ಟಿಶ್ಯೂವನ್ನು ಚೂಪಾಗಿ ಮಡಚಿ, ಮೂಗಿನ ಪಕ್ಕದ ಕಣ್ಣಂಚಿಗೆ ತಾಗಿಸಿ ಹಿಡಿಯಿರಿ. ಅದೇ ಹೀರಿಕೊಳ್ಳುತ್ತದೆ, ಕೆನ್ನೆ ಮೇಲೆ ಉಜ್ಜಬಾರದು. ಹೆಣ್ಣು ಒಪ್ಪಿಸುವಾಗ "ಅಳಬೇಡ, ಮೇಕಪ್ ಹಾಳಾಗುತ್ತೆ" ಅಂತ ಯಾರೂ ಹೇಳಬೇಡಿ. ಅಳಲಿ. ಮಸ್ಕರಾ, ಲೈನರ್ ವಾಟರ್‌ಪ್ರೂಫ್ ಆಗಿದ್ದರೆ ಆ ಫೋಟೋ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ.

ಮುಖ ಹೊಳೆಯಲು ಶುರುವಾದರೆ ಮೊದಲು ಟಿಶ್ಯೂ ಒತ್ತಿ ಜಿಡ್ಡು ತೆಗೆದು, ಆಮೇಲೆ ಪಫ್. ಜಿಡ್ಡಿನ ಮೇಲೆ ಪೌಡರ್ ಮೇಲೆ ಪೌಡರ್ ಹಾಕುತ್ತಾ ಹೋದರೆ ಊಟದ ಹೊತ್ತಿಗೆ ಮುಖ ದಪ್ಪಗಾಗಿರುತ್ತದೆ. ಊಟ ಆದ ಮೇಲೆ ತುಟಿಯ ಎಣ್ಣೆ ಒರೆಸಿ, ಲಿಪ್‌ಸ್ಟಿಕ್ ಹೊಸದಾಗಿ ಹಚ್ಚಿ, ಆಮೇಲೆ ನೆಂಟರ ಜೊತೆ ಫೋಟೋಗೆ ನಿಲ್ಲಿಸಿ.

ಸಂಜೆ ಆರತಕ್ಷತೆಗೆ

ಬೆಳಗಿನ ಮೇಕಪ್ ಮೇಲೇ ಇನ್ನೊಂದು ಪದರ ಬೇಡ. ಸಮಯ ಇದ್ದರೆ ಪೂರ್ತಿ ತೆಗೆದು, ಒಂದು ಗಂಟೆ ಮುಖ ಬಿಟ್ಟು, ಹೊಸದಾಗಿ ಮಾಡಿ. ಸ್ಟೇಜ್ ಮೇಲೆ ನೇರಳೆ, ನೀಲಿ ಲೈಟ್ ಮುಖಕ್ಕೆ ಬೀಳುತ್ತಿದ್ದರೆ ಯಾವ ಫೌಂಡೇಶನ್ನೂ ಏನೂ ಮಾಡಲಾರದು. ಬಣ್ಣದ ಲೈಟನ್ನು ಹಿಂದಿನ ಪರದೆಗೆ ತಿರುಗಿಸಿ, ಮುಖದ ಮೇಲೆ ಬಿಳಿ ಬೆಳಕು ಬರಲಿ ಅಂತ ಡೆಕೊರೇಶನ್‌ನವರಿಗೆ ಹಿಂದಿನ ದಿನವೇ ಹೇಳಿ. ಜನ ಸಾಲು ನಿಲ್ಲುವ ಮೊದಲು ಫೋಟೋಗ್ರಾಫರ್‌ಗೆ ಒಂದು ಪರೀಕ್ಷೆ ಫೋಟೋ ತೆಗೆಯಲು ಹೇಳಿ, ಕ್ಯಾಮೆರಾದ ಹಿಂದೆ ದೊಡ್ಡದು ಮಾಡಿ ನೋಡಿ. ಹಣೆ, ಕಣ್ಣಿನ ಕೆಳಗೆ ಬಿಳಿ ಕಂಡರೆ ನೆನೆಸಿ ಹಿಂಡಿದ ಸ್ಪಂಜು ಒತ್ತಿ, ಎರಡು ನಿಮಿಷದಲ್ಲಿ ಸರಿಹೋಗುತ್ತದೆ.

ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಮೇಕಪ್ ತೆಗೆಯದೆ ಮಲಗಬೇಡಿ. ಕೃತಕ ರೆಪ್ಪೆಯನ್ನು ಎಳೆದು ಕೀಳಬೇಡಿ. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ, ಕಣ್ಣು ಮುಚ್ಚಿ ಅರ್ಧ ನಿಮಿಷ ಇಟ್ಟರೆ ಗೋಂದು ಸಡಿಲವಾಗಿ ತಾನೇ ಬರುತ್ತದೆ. ಅದೇ ಎಣ್ಣೆಯಲ್ಲಿ ಮುಖವನ್ನೂ ಒರೆಸಿ, ಫೇಸ್‌ವಾಶ್ ಹಾಕಿ ತೊಳೆದು ಮಾಯಿಶ್ಚರೈಸರ್ ಹಚ್ಚಿ. ಗಂಡಿನ ಮನೆಗೆ ಹೊರಡುವ ಚೀಲದಲ್ಲಿ ಮೇಲುಗಡೆಯೇ ಸಿಗುವ ಹಾಗೆ ಹತ್ತಿ, ಎಣ್ಣೆ ಬಾಟಲಿ, ಫೇಸ್‌ವಾಶ್ ಇಟ್ಟು ಕಳಿಸಿ. ಹೊಸ ಮನೆಯಲ್ಲಿ ರಾತ್ರಿ ಹೊತ್ತು ಯಾರನ್ನು ಕೇಳುವುದು ಅಂತ ಅವಳು ಒದ್ದಾಡಬಾರದು.